ಒಂದೇ ಲಾರಿ ಇರುವವರಿಗೆ ಸರ್ಕಾರದಿಂದ ಏನಾದರೂ ಸಿಗುತ್ತಾ?

ಚಳ್ಳಕೆರೆ ಲೋಡ್:
ನನ್ನದು ಆರು ಚಕ್ರದ ಲಾರಿ, ನಾನೇ ಓನರ್, ನಾನೇ ಡ್ರೈವರ್. ಹೋದ ವಾರ ಶೇಂಗಾ ಹಿಂಡಿ ತುಂಬಿಕೊಂಡು ಹೋಗಿ ಒಂದು ಗೋಡೌನ್ ಮುಂದೆ ಎರಡು ದಿನ ಅನ್‌ಲೋಡ್ ಆಗದೆ ನಿಂತಿದ್ದೆ. ಮಳೆಗೆ ತಾಡಪಾಲು ಜಗ್ಗಿ ಮೇಲಿನ ಎರಡು ಮೂಟೆ ನೆನೆದವು, ಅದರ ದುಡ್ಡನ್ನೂ ನನ್ನ ಬಾಡಿಗೆಯಲ್ಲೇ ಮುರಿದುಕೊಂಡರು. ಗಾಡಿ ನಿಂತ ದಿನಗಳಿಗೆ ಹಾಲ್ಟಿಂಗ್ ದುಡ್ಡು ಕೇಳಿದ್ದಕ್ಕೆ ಕೊಡಲ್ಲ ಅಂದರು. ತಮ್ಮ ಇನ್ನೊಂದು ಗಾಡಿ ತಗೊಳ್ಳೋಣ ಅನ್ನುತ್ತಿದ್ದಾನೆ. ಸಬ್ಸಿಡಿ ಏನಾದರೂ ಇದೆಯಾ?

ಹುಬ್ಬಳ್ಳಿ ಬೈಪಾಸ್:
ಹೊಸ ಗಾಡಿ ಆದರೆ ಸ್ವಲ್ಪ ಅನುಕೂಲ ಇದೆ ಅಣ್ಣ. 2025ರ ಸೆಪ್ಟೆಂಬರ್ 22ರಿಂದ ಲಾರಿ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 20 ಲಕ್ಷದ ಗಾಡಿಗೆ 2 ಲಕ್ಷ ಉಳಿಯಿತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲೂ 12 ಇದ್ದದ್ದು 5 ಆಗಿದೆ. ಎಲೆಕ್ಟ್ರಿಕ್ ಲಾರಿಗೆ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ 9.6 ಲಕ್ಷದವರೆಗೆ ಕೊಡುತ್ತಾರೆ, ಆದರೆ ಹಳೇ ಲಾರಿ ಗುಜರಿಗೆ ಹಾಕಿದ ಸರ್ಟಿಫಿಕೇಟ್ ಬೇಕು.

ತುಮಕೂರು ಟೆಂಪೋ:
ತಮ್ಮನಿಗೆ ಚಿಕ್ಕ ಗೂಡ್ಸ್ ಗಾಡಿ ಸಾಕು ಅಂದರೆ ರಾಜ್ಯ ಸರ್ಕಾರದ ಸ್ವಾವಲಂಬಿ ಸಾರಥಿ ಯೋಜನೆ ನೋಡಿ. ಎಸ್‌ಸಿ, ಎಸ್‌ಟಿಯವರಿಗೆ ಗಾಡಿ ಬೆಲೆಯಲ್ಲಿ ಶೇ 75 ಸಬ್ಸಿಡಿ, ಗರಿಷ್ಠ 4 ಲಕ್ಷ. ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಶೇ 50, ಗರಿಷ್ಠ 3 ಲಕ್ಷ. ಅರ್ಜಿ ಕರೆದಾಗ ಬಿಡಬೇಡಿ.

ಆರು ಚಕ್ರ:
ಇವೆಲ್ಲಾ ಗಾಡಿ ಕೊಳ್ಳುವವರೆಗೆ. ಕೊಂಡ ಮೇಲೆ ಓಡಿಸೋಕೆ ಯಾರಿದ್ದಾರೆ ಹೇಳಿ? ರಾಜ್ಯದಲ್ಲಿ 2025ರ ಏಪ್ರಿಲ್ 1ಕ್ಕೆ ಡೀಸೆಲ್ ಮಾರಾಟ ತೆರಿಗೆ 18.44ರಿಂದ ಶೇ 21.17ಕ್ಕೆ ಹೋಯಿತು, ಲೀಟರಿಗೆ 2 ರೂಪಾಯಿ ಏರಿತು. ತಿಂಗಳಿಗೆ 6,000 ಕಿಲೋಮೀಟರ್ ಓಡಿ, ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ 1,500 ಲೀಟರ್, ಅಂದರೆ ಇದೊಂದರಲ್ಲೇ 3,000 ಹೋಯಿತು, ಬಾಡಿಗೆ ಮಾತ್ರ ಅಷ್ಟೇ. ಅದೇ ತಿಂಗಳು 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಮುಷ್ಕರ ಮಾಡಿದ್ದು ಸುಮ್ನೆ ಅಲ್ಲ. ಡೀಸೆಲ್ ಜಿಎಸ್‌ಟಿ ಒಳಗೆ ಇಲ್ಲ, ಹಾಗಾಗಿ ಕಟ್ಟಿದ ತೆರಿಗೆ ವಾಪಸ್ ಹಿಡಿಯೋಕೂ ದಾರಿ ಇಲ್ಲ. ನಿಮ್ಮ ಹಾಲ್ಟಿಂಗ್ ವಿಷಯವೂ ಇದೇ ಅಲ್ವಾ? ಗಾಡಿ ನಿಂತ ಹೊತ್ತಿಗೂ ದುಡ್ಡು ಸಿಗುವ ಹಾಗೆ ಸರ್ಕಾರ ಮಾಡಿದರೆ ನನಗೆ ಬೇರೆ ಸಬ್ಸಿಡಿಯೇ ಬೇಡ. ವಾಪಸ್ ಲೋಡ್ ಗಟ್ಟಿ ಆಗದೆ ಎರಡನೇ ಲಾರಿಯ ಕಂತು ಮೈಮೇಲೆ ಎಳೆದುಕೊಳ್ಳಬೇಡಿ.

ಚಳ್ಳಕೆರೆ ಲೋಡ್:
ಅಣ್ಣ, ನಿಮ್ಮ ಲೆಕ್ಕ ತಮ್ಮನಿಗೆ ಓದಿ ಹೇಳಿದೆ. ದೊಡ್ಡ ಗಾಡಿ ಸದ್ಯಕ್ಕೆ ಬೇಡ, ಸಾರಥಿಗೆ ಹಾಕೋಣ ಅಂದ. ಅವನಿಗೆ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದೆ, ಜಾತಿ ಪ್ರಮಾಣಪತ್ರ ನಾಳೆ ನಾಡಕಚೇರಿಯಲ್ಲಿ ಕೇಳುತ್ತೇವೆ. ತುಮಕೂರಿನವರೇ, ಗಾಡಿ ಕೊಟೇಶನ್ ಅರ್ಜಿ ಜೊತೆಗೇ ಕೊಡಬೇಕಾ, ಆಯ್ಕೆ ಆದ ಮೇಲಾ?