ಹಳೆಯ ಟೂ-ಸ್ಟ್ರೋಕ್ ಎಂಡ್ಯೂರೊ ಬೈಕುಗಳ ಸೆಳೆತ: ಅದರಲ್ಲಿ ನೆನಪಿನ ಪಾಲೆಷ್ಟು, ಯಂತ್ರದ ಪಾಲೆಷ್ಟು?

ಪ್ರಶ್ನೆ

1960ರ ದಶಕದ ಕೊನೆಯಿಂದ 1980ರ ದಶಕದ ಆರಂಭದವರೆಗೆ ತಯಾರಾದ ಟೂ-ಸ್ಟ್ರೋಕ್ ಎಂಡ್ಯೂರೊ ಬೈಕುಗಳು, ಅಂದರೆ ಕಾಡುಮೇಡಿನ ದೀರ್ಘ ಓಟದ ಸ್ಪರ್ಧೆಗೆಂದು ಮಾಡಿದ ಬೈಕುಗಳು, ನನ್ನನ್ನು ಬಹಳ ಕಾಲದಿಂದ ಸೆಳೆಯುತ್ತಿವೆ. ಹಸ್ಕ್‌ವರ್ನಾ, ಪೆಂಟನ್, ಮೈಕೋ, ಎಂ.ಜೆಡ್., ಬುಲ್ಟಾಕೋ ಎಂಬ ಹೆಸರುಗಳು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಅವುಗಳ ಹಳೆಯ ಚಿತ್ರಗಳನ್ನು ನೋಡುತ್ತ ಕುಳಿತುಬಿಡುತ್ತೇನೆ. ಆದರೆ ಈ ಬೈಕುಗಳು ಸ್ಪರ್ಧೆಯ ಕಣದಲ್ಲಿದ್ದಾಗ ನಾನಿನ್ನೂ ಹುಟ್ಟಿರಲಿಲ್ಲ, ಆದ್ದರಿಂದ ಇದನ್ನು ಕಳೆದುಹೋದ ಯೌವನದ ಹಂಬಲವೆಂದು ಹೇಳುವಂತಿಲ್ಲ. ಇಂದಿನ ಎಂಡ್ಯೂರೊ ಬೈಕು ಸಸ್ಪೆನ್ಷನ್, ಬ್ರೇಕು, ವಿಶ್ವಾಸಾರ್ಹತೆ ಈ ಮೂರರಲ್ಲೂ ಬಹಳ ಮುಂದಿದೆ ಎಂಬುದು ನನಗೆ ತಿಳಿದಿದೆ. ಹಾಗಿದ್ದರೂ ಎರಡನ್ನೂ ಓಡಿಸಿ ಬಲ್ಲ ಹಿರಿಯರು ಹಳೆಯದನ್ನೇ ಹೆಚ್ಚು ಪ್ರೀತಿಯಿಂದ ನೆನೆಯುವುದೇಕೆ? ಆ ಪ್ರೀತಿಗೆ ಯಂತ್ರದಲ್ಲಿಯೇ ಕಾರಣವಿದೆಯೇ? ಬಹಳ ವರ್ಷ ಓಡದೆ ನಿಂತಿರುವ 250 ಸಿ.ಸಿ.ಯ ಒಂದು ಬೈಕು ನನ್ನ ಪಾಲಿಗೆ ಬರುವ ಸಾಧ್ಯತೆಯಿರುವುದರಿಂದ ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಕಾರಣ ಯಂತ್ರದಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದನ್ನು ಅರಿಯಲು ಆ ಬೈಕುಗಳು ಯಾವ ಪರೀಕ್ಷೆಗಾಗಿ ರೂಪುಗೊಂಡವು ಎಂಬುದನ್ನು ಮೊದಲು ನೋಡಬೇಕು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆರು ದಿನಗಳ ಟ್ರಯಲ್, 1981ರಲ್ಲಿ ಆರು ದಿನಗಳ ಎಂಡ್ಯೂರೊ ಎಂದು ಹೆಸರು ಬದಲಾಯಿಸಿಕೊಳ್ಳುವವರೆಗೂ, ವೇಗಕ್ಕಿಂತ ಹೆಚ್ಚಾಗಿ ಬಾಳಿಕೆಯನ್ನು ಅಳೆಯುವ ಸ್ಪರ್ಧೆಯಾಗಿತ್ತು. ರಾತ್ರಿಯ ಹೊತ್ತು ಬೈಕುಗಳನ್ನು ಯಾರೂ ಮುಟ್ಟದಂತೆ ಕಾವಲಿನ ಆವರಣದಲ್ಲಿ ಇಡಲಾಗುತ್ತಿತ್ತು. ಮುಖ್ಯ ಭಾಗಗಳ ಮೇಲೆ ಬಣ್ಣದ ಗುರುತು ಹಾಕುತ್ತಿದ್ದುದರಿಂದ ಅವನ್ನು ನಡುವೆ ಬದಲಿಸುವಂತಿರಲಿಲ್ಲ. ಟೈರು ಬಿಚ್ಚುವುದಿರಲಿ, ಕೇಬಲ್ ಹಾಕುವುದಿರಲಿ, ಎಲ್ಲವನ್ನೂ ಸವಾರನೇ ತನ್ನ ಬಳಿಯಿದ್ದ ಸಲಕರಣೆಗಳಿಂದ, ತನಗೆ ಸಿಕ್ಕ ಸಮಯದೊಳಗೆ ಮಾಡಿಕೊಳ್ಳಬೇಕಾಗಿತ್ತು.

ಈ ನಿಯಮವೇ ಬೈಕಿನ ರೂಪವನ್ನು ತಿದ್ದಿತು. ಕವಾಟಗಳಿಲ್ಲದ, ಕ್ಯಾಮ್ ಶಾಫ್ಟ್ ಇಲ್ಲದ, ಸ್ಪ್ಯಾನರುಗಳನ್ನು ಬಲ್ಲವನು ದಾರಿಯ ಬದಿಯಲ್ಲೇ ಹೆಡ್ ಮತ್ತು ಸಿಲಿಂಡರನ್ನು ಬಿಚ್ಚಿ ನೋಡಬಹುದಾದ ಟೂ-ಸ್ಟ್ರೋಕ್ ಎಂಜಿನ್ ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದಂತಿತ್ತು. ಪೂರ್ವ ಜರ್ಮನಿಯ ತ್ಸ್ಚೋಪೌ ಪಟ್ಟಣದ ಎಂ.ಜೆಡ್. ಬೈಕುಗಳಲ್ಲಿ ಚೈನು ರಬ್ಬರಿನ ತೋಳುಗಳೊಳಗೆ ಮುಚ್ಚಿಕೊಂಡು ಓಡುತ್ತಿದ್ದುದರಿಂದ ಕೆಸರು ಅದನ್ನು ತಲುಪುತ್ತಿರಲಿಲ್ಲ. ನೋಡಲು ಸಣ್ಣ ಸಂಗತಿಯೆನಿಸಿದರೂ ಆರು ದಿನ ಕೆಸರಿನಲ್ಲಿ ಓಡುವವನಿಗೆ ಅದು ಬಹಳ ದೊಡ್ಡದು. ಪೂರ್ವ ಜರ್ಮನಿಯ ತಂಡ 1963ರಿಂದ 1967ರವರೆಗೆ ಸತತ 5 ಬಾರಿ ಮುಖ್ಯ ಟ್ರೋಫಿಯನ್ನು ಗೆದ್ದಿತು. 1970ರಿಂದ 1974ರವರೆಗೆ ಅದೇ ಬಗೆಯ ಮೇಲುಗೈ ಜಾವಾ ಬೈಕುಗಳ ಜೆಕೊಸ್ಲೊವಾಕಿಯಾದ್ದಾಯಿತು.

ಅಮೆರಿಕದ ಓಹಾಯೊದ ಜಾನ್ ಪೆಂಟನ್ ಅವರ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. ದಪ್ಪ ಎಂಜಿನ್ನಿನ ಭಾರವಾದ ಬೈಕುಗಳೇ ಕಾಡುದಾರಿಗೆ ಸೂಕ್ತವೆಂದು ಅಲ್ಲಿ ಹೆಚ್ಚಿನವರು ನಂಬಿದ್ದ ಕಾಲದಲ್ಲಿ, ಅವರು ಆಸ್ಟ್ರಿಯದ ಕೆ.ಟಿ.ಎಂ. ಕಾರ್ಖಾನೆಯನ್ನು ಒಪ್ಪಿಸಿ, ಸ್ಯಾಕ್ಸ್ ಎಂಜಿನ್ನಿನ 100 ಮತ್ತು 125 ಸಿ.ಸಿ. ಬೈಕುಗಳನ್ನು 1968ರಲ್ಲಿ ತಮ್ಮ ಹೆಸರಿನಲ್ಲೇ ತರಿಸಿದರು. ಸವಾರನೊಬ್ಬ ತನಗೆ ಏನು ಬೇಕೆಂದು ಕಾರ್ಖಾನೆಗೆ ಹೇಳಿ ಮಾಡಿಸಿದ ಬೈಕು ಅದು. ನೀವು ಚಿತ್ರಗಳಲ್ಲಿ ಕಾಣುತ್ತಿರುವ ಸೊಬಗು, ಅನಗತ್ಯವಾದ ಒಂದು ಬೋಲ್ಟನ್ನೂ ಉಳಿಸದ ಆ ಕಟ್ಟುನಿಟ್ಟಿನಿಂದ ಬಂದದ್ದು. ಅದನ್ನು ಮೆಚ್ಚಲು ಆ ಕಾಲದಲ್ಲಿ ಹುಟ್ಟಿರಬೇಕಾದ ಅಗತ್ಯವಿಲ್ಲ.

ಎರಡನೆಯ ಉತ್ತರ

ಮೇಲಿನ ಬರಹವನ್ನು ಒಪ್ಪುತ್ತಲೇ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. ತೊರೆಯೊಂದನ್ನು ದಾಟಿದ ಮೇಲೆ ಡ್ರಮ್ ಬ್ರೇಕಿನ ಲೈನರುಗಳು ಒಣಗುವವರೆಗೆ ಹಿಡಿತವೇ ಇರುವುದಿಲ್ಲ. ಹಿಂದಿನ ಜೋಡಿ ಶಾಕ್ ಅಬ್ಸಾರ್ಬರುಗಳು ಉದ್ದನೆಯ ಇಳಿಜಾರಿನಲ್ಲಿ ಬಿಸಿಯೇರಿ ಸೋಲುತ್ತವೆ. ಅಂದಿನವರು ಇವನ್ನು ಸಹಿಸಿದ್ದು ಬೇರೆ ದಾರಿಯಿಲ್ಲದೆ, ಪ್ರೀತಿಯಿಂದಲ್ಲ.

ಆದರೂ ಎಂಜಿನ್ನಿನ ವಿಷಯದಲ್ಲಿ ಮಾತ್ರ ನಾನು ಸಂಪೂರ್ಣವಾಗಿ ಹಳೆಯದರ ಪಕ್ಷ. ಎಕ್ಸ್‌ಪ್ಯಾನ್ಷನ್ ಚೇಂಬರ್ ಎಂದು ಕರೆಯುವ ಉಬ್ಬುಹೊಟ್ಟೆಯ ಸೈಲೆನ್ಸರಿನೊಳಗೆ ಹೊಗೆಯ ಒತ್ತಡದ ಅಲೆ ಹೋಗಿ ಮರಳುತ್ತದೆ. ಆ ಅಲೆ ಸರಿಯಾದ ಕ್ಷಣಕ್ಕೆ ಮರಳಿದರೆ, ಸಿಲಿಂಡರಿನಿಂದ ಹೊರಗೆ ಜಾರುತ್ತಿದ್ದ ಪೆಟ್ರೋಲು-ಗಾಳಿಯ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಎಂ.ಜೆಡ್.ನ ಎಂಜಿನಿಯರ್ ವಾಲ್ಟರ್ ಕಾಡೆನ್ ಅವರು 1950ರ ದಶಕದಲ್ಲಿ ರೇಸ್ ಬೈಕುಗಳಿಗಾಗಿ ಈ ವಿದ್ಯೆಯನ್ನು ಪಳಗಿಸಿದರು. ಮಣ್ಣಿನ ಸುತ್ತುದಾರಿಯ ವೇಗದ ರೇಸಿಗೆಂದಿರುವ ಮೋಟೊಕ್ರಾಸ್ ಬೈಕಿನಲ್ಲಿ ಹೀಗೆ ಸಿಗುವ ಶಕ್ತಿಯ ಹೊಡೆತ ಒಮ್ಮೆಗೇ ಬರುತ್ತದೆ. ಎಂಡ್ಯೂರೊ ಬೈಕಿನಲ್ಲಿ ಭಾರವಾದ ಫ್ಲೈವೀಲ್ (ಎಂಜಿನ್ನಿನೊಂದಿಗೆ ತಿರುಗುವ ಚಕ್ರ), ಸೌಮ್ಯವಾದ ಪೋರ್ಟುಗಳು (ಸಿಲಿಂಡರಿನ ಗೋಡೆಯ ಕಿಂಡಿಗಳು) ಮತ್ತು ಅಂತರ ಹೆಚ್ಚಿರುವ ಗೇರುಗಳಿಂದ ಅದನ್ನು ಹದಗೊಳಿಸಿರುತ್ತಾರೆ. ಒದ್ದೆ ಬೇರುಗಳ ಮೇಲೆ ಕಡಿಮೆ ವೇಗದಲ್ಲಿ, ಎಂಜಿನ್ ನಿಲ್ಲದಂತೆ ಏರನ್ನು ಹತ್ತಿ, ನೆಲ ತೆರೆದುಕೊಂಡ ಕೂಡಲೇ ಆಕ್ಸಿಲರೇಟರ್ ತಿರುಗಿಸಿದಾಗ ಗುಡುಗು ಸಿಡಿಯುವಂತೆ ಸದ್ದು ಬದಲಾಗುವ ಆ ಗಳಿಗೆಯ ಅನುಭವ ಫೋರ್-ಸ್ಟ್ರೋಕ್ ಬೈಕಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ಬೈಕನ್ನು ತರುವುದೆಂದು ನಿರ್ಧರಿಸಿದ್ದೇನೆ. ಅದರ ಕಿಕ್ಕರ್ ಸಲೀಸಾಗಿ ತಿರುಗುತ್ತದೆ, ಕಂಪ್ರೆಷನ್ ಕೂಡ ಚೆನ್ನಾಗಿದೆ. ಹೊಸ ಪ್ಲಗ್ ಮತ್ತು ಹೊಸ ಪೆಟ್ರೋಲ್ ಹಾಕಿ ಒಮ್ಮೆ ಚಾಲೂ ಮಾಡಿ ನೋಡಬಹುದೇ?

ಮೂರನೆಯ ಉತ್ತರ

ದಯವಿಟ್ಟು ಹಾಗೆ ಮಾಡಬೇಡಿ. ಕಂಪ್ರೆಷನ್ ಚೆನ್ನಾಗಿರುವುದು ಸಿಲಿಂಡರಿನ ಮೇಲ್ಭಾಗದ ಸುದ್ದಿಯನ್ನಷ್ಟೇ ಹೇಳುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಮಿಶ್ರಣ ಮೊದಲು ಇಳಿಯುವುದು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ. ಅಲ್ಲಿ ಕ್ರ್ಯಾಂಕ್ ಶಾಫ್ಟಿನ ಎರಡು ತುದಿಗಳಲ್ಲಿರುವ ರಬ್ಬರ್ ಸೀಲುಗಳು ಓಡದೆ ನಿಂತ ವರ್ಷಗಳಲ್ಲಿ ಒಣಗಿ ಗಟ್ಟಿಯಾಗಿರುತ್ತವೆ. ಇಗ್ನಿಷನ್ ಬದಿಯ ಸೀಲು ಸೋತರೆ ಅಲ್ಲಿಂದ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ, ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಕ್ಲಚ್ ಬದಿಯದು ಸೋತರೆ ಗೇರ್‌ಬಾಕ್ಸಿನ ಆಯಿಲನ್ನೇ ಎಂಜಿನ್ ಎಳೆದುಕೊಂಡು ದಟ್ಟವಾದ ಬಿಳಿ ಹೊಗೆ ಬಿಡುತ್ತದೆ. ಆದ್ದರಿಂದ ಕಾರ್ಬುರೇಟರ್ ಮತ್ತು ಸೈಲೆನ್ಸರ್ ಕೂಡುವ ಬಾಯಿಗಳನ್ನು ಮುಚ್ಚಿ, ಒಳಗೆ ಸುಮಾರು 6 ಪಿ.ಎಸ್.ಐ. ಒತ್ತಡ ತುಂಬಿ, ಅದು ಕೆಲವು ನಿಮಿಷ ಇಳಿಯದೆ ನಿಲ್ಲುವುದೇ ಎಂದು ನೋಡಿ. ಒತ್ತಡವನ್ನು ಅದಕ್ಕಿಂತ ಬಹಳ ಏರಿಸಿದರೆ ಚೆನ್ನಾಗಿರುವ ಸೀಲೂ ಜಾಗ ಬಿಟ್ಟು ಹೊರಬರಬಹುದು.

ಟ್ಯಾಂಕನ್ನೂ ಗಮನಿಸಿ. ನಿಮ್ಮದು ಬುಲ್ಟಾಕೋ, ಓಸ್ಸಾ ಅಥವಾ ಮೊಂಟೆಸಾದಂಥ ಸ್ಪೇನಿನ ಬೈಕಾಗಿದ್ದರೆ ಟ್ಯಾಂಕು ಫೈಬರ್ ಗ್ಲಾಸಿನದಾಗಿರುವ ಸಾಧ್ಯತೆ ಹೆಚ್ಚು. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಅದರ ರಾಳವನ್ನು ಮೆತ್ತಗಾಗಿಸಿ ಕರಗಿಸುತ್ತದೆ, ಕರಗಿದ್ದು ಕಾರ್ಬುರೇಟರಿಗೂ ಎಂಜಿನ್ನಿಗೂ ಇಳಿದು ಅಂಟಿಕೊಳ್ಳುತ್ತದೆ. ಹಸ್ಕ್‌ವರ್ನಾ ಅಥವಾ ಮೈಕೋ ಆಗಿದ್ದರೆ ಎಂಜಿನ್ನಿನ ಕೇಸು ಮೆಗ್ನೀಸಿಯಮ್ಮಿನದೇ ಎಂದು ನೋಡಿಕೊಳ್ಳಿ. ಅದು ತೇವದಲ್ಲಿ ಬೇಗ ಸವೆದು ಗುಳಿ ಬೀಳುವ ಲೋಹ.

ಪೆಟ್ರೋಲಿಗೆ ಬೆರೆಸುವ ಆಯಿಲಿನ ಪ್ರಮಾಣದ ಬಗ್ಗೆಯೂ ಹೇಳಲೇಬೇಕು. ತಯಾರಕರು 20:1 ಎಂದು ಹೇಳಿದ್ದರೆ ಲೀಟರಿಗೆ 50 ಮಿ.ಲೀ. ಬೆರೆಸಬೇಕೆಂದರ್ಥ. 40:1 ಎಂದರೆ 25 ಮಿ.ಲೀ. ಇಂದಿನ ಆಯಿಲುಗಳು ಅಂದಿನವಕ್ಕಿಂತ ಬಹಳ ಉತ್ತಮವಾಗಿರುವುದರಿಂದ ಅನೇಕರು 32:1ರ ಆಸುಪಾಸಿನಲ್ಲಿ ಓಡಿಸುತ್ತಾರೆ. ಹೆಚ್ಚು ಆಯಿಲ್ ಹಾಕಿದಷ್ಟೂ ಎಂಜಿನ್ ಸುರಕ್ಷಿತವೆಂದು ಭಾವಿಸಬೇಡಿ, ಏಕೆಂದರೆ ಕಾರ್ಬುರೇಟರಿನ ಅದೇ ಜೆಟ್ಟಿನ (ಸಣ್ಣ ರಂಧ್ರದ) ಮೂಲಕ ಆಯಿಲ್ ಹೆಚ್ಚು ಹೋದರೆ ಪೆಟ್ರೋಲು ಅಷ್ಟರಮಟ್ಟಿಗೆ ಕಡಿಮೆ ಹೋಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರನ್ನು ಪೂರ್ತಿ ಮುಚ್ಚಿ ಇಳಿಯಲೂ ಬಾರದು. ಪೆಟ್ರೋಲು ನಿಂತರೆ ಅದರೊಂದಿಗೆ ಬರುವ ಆಯಿಲೂ ನಿಲ್ಲುತ್ತದೆ, ಎಂಜಿನ್ ಮಾತ್ರ ರಭಸದಿಂದ ತಿರುಗುತ್ತಲೇ ಇರುತ್ತದೆ. ಕ್ಲಚ್ ಹಿಡಿದು ಆಗಾಗ ಒಂದಿಷ್ಟು ಆಕ್ಸಿಲರೇಟರ್ ಕೊಡುವ ಹಳೆಯ ಸವಾರರ ರೂಢಿ ಬೆಳೆದದ್ದು ಇದರಿಂದಲೇ.

ಮೊದಲ ಉತ್ತರ ಬರೆದವರು

ಸೀಲುಗಳ ಮಾತು ಅಕ್ಷರಶಃ ಸತ್ಯ. ಒಂದೇ ಒಂದು ಕೋರಿಕೆಯಿದೆ: ಬಿಚ್ಚುವ ಮೊದಲು ಕ್ರ್ಯಾಂಕ್‌ಕೇಸಿನ ಮೇಲೋ ಸಿಲಿಂಡರಿನ ಮೇಲೋ ಹಳೆಯ ಬಣ್ಣದ ಗುರುತೇನಾದರೂ ಉಳಿದಿದೆಯೇ ಎಂದು ಬೆಳಕಿನಲ್ಲಿ ಹುಡುಕಿ, ಇದ್ದರೆ ಅದನ್ನು ಉಜ್ಜಿ ತೆಗೆಯದೆ ಚಿತ್ರ ತೆಗೆದು ಇಲ್ಲಿ ಹಾಕಿ. ಯಾವುದೋ ಸ್ಪರ್ಧೆಯ ಪರಿವೀಕ್ಷಕರು ಹಾಕಿದ ಗುರುತು ಅದಾಗಿದ್ದರೆ, ಹೊಸ ಬಣ್ಣ ಹೊಡೆಯುವ ವಿಚಾರವನ್ನೇ ನೀವು ಕೈಬಿಡಬೇಕಾಗುತ್ತದೆ.