ತೊಶಿಕೊ ಅಕಿಯೋಶಿ: ಬಿಗ್ ಬ್ಯಾಂಡ್ ಅನ್ನು ಮೂವತ್ತು ವರ್ಷ ಹೇಗೆ ನಡೆಸಿದರು? ಎಲ್ಲಿಂದ ಕೇಳಲಿ?

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ರೆಕಾರ್ಡ್ ಮಾಡಿದ 'ಜ್ಯೋತಿ' ಆಲ್ಬಂ ನನಗೆ ತುಂಬಾ ಇಷ್ಟ. ಆರ್.ಎ. ರಮಾಮಣಿ ಅವರ ಹಾಡಿಕೆ, ಟಿ.ಎ.ಎಸ್. ಮಣಿ ಅವರ ಮೃದಂಗ, ಅದರ ಜೊತೆ ಆ ಸ್ಯಾಕ್ಸೊಫೋನ್. ಮರಿಯಾನೊ ಬಗ್ಗೆ ಓದುವಾಗ ಜಪಾನಿನ ಜಾಝ್ ಪಿಯಾನೊ ವಾದಕಿ ತೊಶಿಕೊ ಅಕಿಯೋಶಿ ಹೆಸರು ಸಿಕ್ಕಿತು. ಇಬ್ಬರೂ ಒಬ್ಬರನ್ನೊಬ್ಬರು ಮದುವೆಯಾಗಿದ್ದರು, 60ರ ದಶಕದಲ್ಲೇ ಬೇರೆಯಾದರು, ಆಮೇಲೆ ಈಕೆ ಸ್ವಂತ ಬಿಗ್ ಬ್ಯಾಂಡ್ (ತುತ್ತೂರಿ, ಸ್ಯಾಕ್ಸೊಫೋನ್‌ಗಳ ದೊಡ್ಡ ಜಾಝ್ ತಂಡ) ಕಟ್ಟಿ ಮೂವತ್ತು ವರ್ಷ ನಡೆಸಿದರು ಅಂತ ಗೊತ್ತಾಯಿತು.

ನನ್ನ ಪ್ರಶ್ನೆ ಇಷ್ಟು. ಬಿಗ್ ಬ್ಯಾಂಡ್‌ಗಳ ಕಾಲ 1940ರ ದಶಕಕ್ಕೇ ಮುಗಿದಿತ್ತು ಅಲ್ವಾ? ರಾಕ್ ಜೋರಾಗಿದ್ದ 70ರ ದಶಕದಲ್ಲಿ ಹದಿನಾರು ಜನರ ತಂಡ ಹೇಗೆ ನಡೆಯಿತು? ಇನ್ನೊಂದು, ಅವರ ಸಂಗೀತದಲ್ಲಿ ಜಪಾನಿನ ವಾದ್ಯಗಳು ಬರುತ್ತವಂತೆ. ಅದು ಸುಮ್ನೆ ಮೇಲೆ ಅಂಟಿಸಿದ ಅಲಂಕಾರವೋ, ನಿಜವಾಗಿ ಒಳಗೆ ಬೆರೆತಿದೆಯೋ? ಯಾವ ಆಲ್ಬಂನಿಂದ ಶುರು ಮಾಡಲಿ?

ಕಪ್ಪುಬಿಳಿಮನೆ:

ಒಳ್ಳೇ ಪ್ರಶ್ನೆ, ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ. ತೊಶಿಕೊ ಹುಟ್ಟಿದ್ದು 1929ರಲ್ಲಿ, ಮಂಚೂರಿಯಾದಲ್ಲಿ. ಯುದ್ಧ ಮುಗಿದ ಮೇಲೆ ಕುಟುಂಬ ಎಲ್ಲವನ್ನೂ ಬಿಟ್ಟು ಜಪಾನಿನ ಬೆಪ್ಪು ಊರಿಗೆ ಬಂತು. ಮನೆಯಲ್ಲಿ ಪಿಯಾನೊ ಇಲ್ಲ. ಅಮೆರಿಕನ್ ಸೈನಿಕರು ಬರುತ್ತಿದ್ದ ಡಾನ್ಸ್ ಹಾಲ್‌ನಲ್ಲಿ ಪಿಯಾನೊ ನುಡಿಸುವ ಕೆಲಸ ಸಿಕ್ಕಿತು, ಹಾಗೆ ವಾದ್ಯವೂ ಸಿಕ್ಕಿತು. ಅಲ್ಲೇ ಒಬ್ಬರು ಜಾಝ್ ಪಿಯಾನೊ ವಾದಕ ಟೆಡ್ಡಿ ವಿಲ್ಸನ್ ರೆಕಾರ್ಡ್ ಕೇಳಿಸಿದ್ದು ಜಾಝ್‌ಗೆ ದಾರಿಯಾಯಿತು. ಟೋಕಿಯೊದಲ್ಲಿ ನುಡಿಸುತ್ತಿದ್ದಾಗ ಹೆಸರಾಂತ ಪಿಯಾನೊ ವಾದಕ ಆಸ್ಕರ್ ಪೀಟರ್ಸನ್ ಕೇಳಿ ಮೆಚ್ಚಿ ರೆಕಾರ್ಡ್ ನಿರ್ಮಾಪಕ ನಾರ್ಮನ್ ಗ್ರಾಂಝ್‌ಗೆ ಹೇಳಿದರು. 1953ರಲ್ಲಿ ಗ್ರಾಂಝ್ ಮೊದಲ ಆಲ್ಬಂ ರೆಕಾರ್ಡ್ ಮಾಡಿಸಿದರು. 1956ರಲ್ಲಿ ಸ್ಕಾಲರ್‌ಶಿಪ್ ಮೇಲೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಶಾಲೆ ಸೇರಿದರು, ಅಲ್ಲಿಗೆ ಹೋದ ಮೊದಲ ಜಪಾನೀ ವಿದ್ಯಾರ್ಥಿ ಅವರೇ.

ಅಮೆರಿಕದಲ್ಲಿ ಆ ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಕಿಮೊನೊ ಉಟ್ಟು ಜಾಝ್ ಪಿಯಾನೊ ವಾದಕ ಬಡ್ ಪೊವೆಲ್ ಶೈಲಿಯಲ್ಲಿ ನುಡಿಸುವ ಹುಡುಗಿ ಅಂತ ಟಿವಿಯವರು ಕರೆಸುತ್ತಿದ್ದರು. ಜನ ನೋಡೋಕೆ ಬರುತ್ತಿದ್ದರು, ಕೇಳೋಕೆ ಬಂದವರು ಕಡಿಮೆ. ನನಗೆ ಇದನ್ನು ಓದಿದಾಗೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ಆ ಕಾಲದ ರೆಕಾರ್ಡಿಂಗ್‌ಗಳಲ್ಲಿ ಆಕೆಯ ಬೀಬಾಪ್ (ವೇಗದ, ಜಟಿಲ ಜಾಝ್ ಶೈಲಿ) ಯಾರಿಗೂ ಕಡಿಮೆ ಇಲ್ಲ.

ಬ್ಯಾಂಡ್ ಶುರುವಾಗಿದ್ದು 1973ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಎರಡನೇ ಪತಿ ಲೂ ಟಬಾಕಿನ್ ಟೆನರ್ ಸ್ಯಾಕ್ಸೊಫೋನ್, ಕೊಳಲು ಎರಡರಲ್ಲೂ ಗಟ್ಟಿ ಆಸಾಮಿ. ಅಲ್ಲಿ ಸಿನಿಮಾ, ಟಿವಿ ಸ್ಟುಡಿಯೊಗಳಲ್ಲಿ ದುಡಿಯುವ ದೊಡ್ಡ ದೊಡ್ಡ ವಾದಕರಿದ್ದರು. ಸ್ಟುಡಿಯೊದಲ್ಲಿ ದುಡ್ಡಿತ್ತು, ಮನಸ್ಸಿಗೆ ಹಿಡಿಸುವ ಸಂಗೀತ ಇರಲಿಲ್ಲ. ಅದಕ್ಕೇ ಅವರು ಈಕೆ ಬರೆದದ್ದನ್ನು ನುಡಿಸೋಕೆ ಸಂಗೀತಗಾರರ ಯೂನಿಯನ್ ಕೋಣೆಗೆ ರಿಹರ್ಸಲ್‌ಗೆ ಬರುತ್ತಿದ್ದರು. ಮೊದಲ ಆಲ್ಬಂ 'ಕೊಗುನ್' ಜಪಾನಿನ ಆರ್‌ಸಿಎ ಕಂಪನಿಯಿಂದ 1974ರಲ್ಲಿ ಬಂತು, ಅಮೆರಿಕದಲ್ಲಿ ಬಿಡುಗಡೆ ಆಗಿದ್ದು ವರ್ಷಗಳಾದ ಮೇಲೆ. ಆ ಜಪಾನಿನ ಮಾರುಕಟ್ಟೆ ಇಲ್ಲದಿದ್ದರೆ ಬ್ಯಾಂಡ್ ಉಳಿಯುವುದು ಕಷ್ಟವಿತ್ತು ಅಂತ ನನ್ನ ಅನಿಸಿಕೆ. 1982ರಲ್ಲಿ ಇಬ್ಬರೂ ನ್ಯೂಯಾರ್ಕ್‌ಗೆ ಹೋದರು, ತಂಡವನ್ನು ಹೊಸ ವಾದಕರ ಜೊತೆ ಮತ್ತೆ ಕಟ್ಟಿದರು. ಕೊನೆಯ ವರ್ಷಗಳಲ್ಲಿ ಪ್ರತಿ ಸೋಮವಾರ ಬರ್ಡ್‌ಲ್ಯಾಂಡ್ ಕ್ಲಬ್‌ನಲ್ಲಿ ಕಚೇರಿ. 2003ರಲ್ಲಿ ತಾವೇ ನಿಲ್ಲಿಸಿದರು, ಪಿಯಾನೊ ಕಡೆ ಜಾಸ್ತಿ ಗಮನ ಕೊಡಬೇಕು ಅಂತ.

ತುತ್ತೂರಿ_ಮೈಸೂರು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಟ್ರೋಂಬೋನ್ ನುಡಿಸುತ್ತೇನೆ, ಬರೆದ ರೀತಿಯ ಬಗ್ಗೆ ಒಂದೆರಡು ಮಾತು.

ಸಾಮಾನ್ಯ ಬಿಗ್ ಬ್ಯಾಂಡ್‌ನಲ್ಲಿ ಐದು ಸ್ಯಾಕ್ಸೊಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೋಂಬೋನ್, ಪಿಯಾನೊ, ಬೇಸ್, ಡ್ರಮ್ಸ್. ತೊಶಿಕೊ ಆ ಐದು ಸ್ಯಾಕ್ಸೊಫೋನ್‌ನವರ ಕೈಗೆ ಕೊಳಲು, ಪಿಕೊಲೊ ಎಂಬ ಪುಟ್ಟ ಕೊಳಲು, ಕ್ಲಾರಿನೆಟ್, ಬೇಸ್ ಕ್ಲಾರಿನೆಟ್ ಎಲ್ಲ ಕೊಟ್ಟರು. ಐದೂ ಜನ ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಊದಿದಾಗ ಹಿತ್ತಾಳೆಯ ಅಬ್ಬರದ ಮಧ್ಯೆ ಒಂದು ತೆಳ್ಳಗಿನ, ಮಂಜಿನಂಥ ನಾದ ಬರುತ್ತದೆ. ಬೇರೆ ಬ್ಯಾಂಡ್‌ಗಳಲ್ಲಿ ಇದು ಆಗೊಮ್ಮೆ ಈಗೊಮ್ಮೆ, ಇವರಲ್ಲಿ ಇದೇ ಗುರುತು.

ಮೂವತ್ತು ವರ್ಷ ಸ್ವಂತ ತಂಡ ಯಾಕೆ ಬೇಕಿತ್ತು ಅನ್ನೋದಕ್ಕೂ ಇಲ್ಲೇ ಉತ್ತರ ಇದೆ. ಹಳೇ ಕಂಪನಿ ನಾಟಕದ ಕವಿ ತನ್ನ ನಟರನ್ನು ಎದುರಿಗಿಟ್ಟುಕೊಂಡು ಪಾತ್ರ ಬರೆಯುತ್ತಿದ್ದ ಹಾಗೆ ಇವರು ಇಂಥ ಟ್ರಂಪೆಟ್‌ನವನ ಉಸಿರು, ಟಬಾಕಿನ್ ಕೊಳಲು ಅಂತ ಮನಸ್ಸಿನಲ್ಲಿಟ್ಟು ಬರೆದರು. ಅಮೆರಿಕದ ಕಪ್ಪು ಜನಾಂಗದ ಹೆಸರಾಂತ ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಐವತ್ತು ವರ್ಷ ಮಾಡಿದ್ದೂ ಇದನ್ನೇ. ಬ್ಯಾಂಡ್ ಇಲ್ಲದೆ ಬರೀ ಕಾಗದದ ಮೇಲೆ ಈ ಸಂಗೀತ ಹುಟ್ಟುವುದಿಲ್ಲ.

ಮಂದ್ರಸ್ಥಾಯಿ:

ಇಬ್ಬರಿಗೂ ಧನ್ಯವಾದ! ಎಲಿಂಗ್ಟನ್ ಹೆಸರು ಬಂತಲ್ಲ, ಎಲ್ಲರೂ ಅವರ ಜೊತೆ ಹೋಲಿಸುವುದು ಇದಕ್ಕೇನಾ? ಜಪಾನಿನ ವಾದ್ಯದ ಪ್ರಶ್ನೆ ಇನ್ನೂ ಉಳಿದಿದೆ.

ಶ್ರುತಿಪೆಟ್ಟಿಗೆ:

ಅವೆರಡೂ ಒಂದೇ ಪ್ರಶ್ನೆ. ಎಲಿಂಗ್ಟನ್ 1974ರಲ್ಲಿ ತೀರಿಕೊಂಡಾಗ, ಅವರ ಸಂಗೀತದಲ್ಲಿ ಅವರ ಜನಾಂಗದ ಪರಂಪರೆ ಎಷ್ಟು ಆಳವಾಗಿತ್ತು ಅಂತ ಜಾಝ್ ವಿಮರ್ಶಕ ನ್ಯಾಟ್ ಹೆಂಟಾಫ್ ಬರೆದರು. ಅದನ್ನು ಓದಿದ ತೊಶಿಕೊ, ಜಾಝ್‌ಗೆ ತಾನು ಕೊಡಬಹುದಾದದ್ದು ತನ್ನ ಜಪಾನೀ ಹಿನ್ನೆಲೆಯೇ ಅಂದುಕೊಂಡರು. ಹೊರಗಿನವಳು ಅನ್ನಿಸಿಕೊಂಡು ವರ್ಷಗಟ್ಟಲೆ ಕಳೆದವರಿಗೆ ಇದು ಸಣ್ಣ ತಿರುವಲ್ಲ.

'ಕೊಗುನ್' ಹೆಸರಿನ ರಚನೆಯನ್ನೇ ತಗೊಳ್ಳಿ. ಯುದ್ಧ ಮುಗಿದದ್ದನ್ನು ಒಪ್ಪದೆ ಫಿಲಿಪ್ಪೀನ್ಸ್ ಕಾಡಿನಲ್ಲಿ ಸುಮಾರು ಮೂವತ್ತು ವರ್ಷ ಅಡಗಿದ್ದು 1974ರಲ್ಲಿ ಹೊರಬಂದ ಸೈನಿಕ ಹಿರೂ ಒನೊಡಾ ಕುರಿತದ್ದು. ಜಪಾನಿನ ಸಾಂಪ್ರದಾಯಿಕ ನೋಹ್ ನಾಟಕದ ತ್ಸುಜುಮಿ ಎಂಬ ಕೈ ಮದ್ದಳೆ, ಅದರ ಜೊತೆ ವಾದಕರ ಕೂಗು, ಮೇಲೆ ಟಬಾಕಿನ್ ಕೊಳಲು, ಆಮೇಲೆ ಇಡೀ ಬ್ಯಾಂಡ್. ತ್ಸುಜುಮಿ ಬ್ಯಾಂಡಿನ ಲಯಕ್ಕೆ ತಲೆಬಾಗುವುದಿಲ್ಲ, ಬ್ಯಾಂಡೂ ಅದಕ್ಕೆ ಸೋಲುವುದಿಲ್ಲ, ಎರಡು ಕಾಲಗಳು ಅಕ್ಕಪಕ್ಕ ನಡೆಯುತ್ತವೆ. ಕಾಡಿನಲ್ಲಿ ಉಳಿದ ಸೈನಿಕನ ಕತೆಗೆ ಇದಕ್ಕಿಂತ ಸರಿಯಾದ ದಾರಿ ನನಗೆ ಹೊಳೆಯುವುದಿಲ್ಲ. ಇದನ್ನು ಅಲಂಕಾರ ಅನ್ನಲು ನನ್ನಿಂದಾಗದು.

1976ರ 'ಇನ್‌ಸೈಟ್ಸ್' ಆಲ್ಬಂನಲ್ಲಿ 'ಮಿನಮಾಟಾ' ಇದೆ. ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನು ತಿಂದ ಊರಿನವರಿಗೆ ಸೇರಿ ಸಾವಿರಾರು ಜನರ ಬದುಕು ಹಾಳಾದ ಊರು ಅದು. ಮೂರು ಭಾಗ: ನೆಮ್ಮದಿಯ ಹಳ್ಳಿ, ಏಳಿಗೆ ಮತ್ತು ಅದರ ಪರಿಣಾಮ, ಉಪಸಂಹಾರ. ಶುರುವಿನಲ್ಲಿ ಹಳ್ಳಿಯ ಬಗ್ಗೆ ಹೇಳುವ ಮಗುವಿನ ದನಿ ಮಗಳು ಮಿಚಿರು ಅವರದು, ಆಕೆ ಚಾರ್ಲಿ ಮರಿಯಾನೊ ಮಗಳೂ ಹೌದು. ನಿಮ್ಮ 'ಜ್ಯೋತಿ'ಗೆ ಹೀಗೂ ಒಂದು ಕೊಂಡಿ ಇದೆ ನೋಡಿ. ನಡುವಿನ ಭಾಗದಲ್ಲಿ ಏಳಿಗೆಯ ಸಂಗೀತ ಎಷ್ಟು ಚೆನ್ನಾಗಿ ಸ್ವಿಂಗ್ ಆಗುತ್ತದೆ (ಜಾಝ್‌ನ ತೂಗುವ ಲಯದಲ್ಲಿ ಓಡುತ್ತದೆ) ಅಂದರೆ ಮುಂದೆ ಏನಾಗುತ್ತದೆ ಅಂತ ಗೊತ್ತಿದ್ದೂ ಕಾಲು ತಾಳ ಹಾಕುತ್ತದೆ, ಅದೇ ನನಗೆ ಕಳವಳ ಹುಟ್ಟಿಸುವುದು.

ಕಪ್ಪುಬಿಳಿಮನೆ:

ಹೌದು, 2001ರ 'ಹಿರೋಶಿಮಾ' ರಚನೆಯನ್ನೂ ಸೇರಿಸಿ. ಅಣುಬಾಂಬ್ ಬಿದ್ದ ಆ ಊರಿನ ಒಬ್ಬ ಬೌದ್ಧ ಅರ್ಚಕರು ಕೇಳಿಕೊಂಡಾಗ ಇದನ್ನು ಬರೆಯುವುದರಲ್ಲಿ ಅರ್ಥವಿದೆಯೇ ಅನ್ನಿಸಿತ್ತಂತೆ. ಅವರು ಕಳಿಸಿದ ಬಾಂಬ್ ದಾಳಿಯ ಫೋಟೊಗಳಲ್ಲಿ ನೆಲಮಾಳಿಗೆಯಿಂದ ಹೊರಬಂದು ನಗುತ್ತಿದ್ದ ಒಬ್ಬ ಯುವತಿಯನ್ನು ನೋಡಿ ಒಪ್ಪಿದರು. ಬಾಂಬ್ ಬಿದ್ದ ದಿನವಾದ ಆಗಸ್ಟ್ 6ರಂದು ಹಿರೋಶಿಮಾದಲ್ಲೇ ಮೊದಲ ಪ್ರದರ್ಶನ.

14 ಸಲ ಗ್ರ್ಯಾಮಿ ನಾಮನಿರ್ದೇಶನ, ಒಂದು ಸಲವೂ ಪ್ರಶಸ್ತಿ ಕೊಡಲಿಲ್ಲ. ಇದು ಅನ್ಯಾಯ ಅಂತ ನೇರವಾಗಿಯೇ ಹೇಳುತ್ತೇನೆ. ಡೌನ್‌ಬೀಟ್ ಎಂಬ ಜಾಝ್ ಪತ್ರಿಕೆಯ ಓದುಗರು ಮಾತ್ರ ಕಂಪೋಸರ್ (ರಚನಕಾರ), ಅರೇಂಜರ್ (ವಾದ್ಯಗಳಿಗೆ ಹಂಚಿ ಬರೆಯುವವರು) ಎರಡರಲ್ಲೂ ಆರಿಸಿದರು, ಹಾಗೆ ಆಯ್ಕೆಯಾದ ಮೊದಲ ಮಹಿಳೆ ಇವರು. 2007ರಲ್ಲಿ ಅಮೆರಿಕ ಸರ್ಕಾರದ ಎನ್‌ಇಎ ಜಾಝ್ ಮಾಸ್ಟರ್ ಗೌರವ ಬಂತು.

ತುತ್ತೂರಿ_ಮೈಸೂರು:

ಶುರು ಮಾಡೋಕೆ 'ಕೊಗುನ್' ಬೇಡ, 'ಲಾಂಗ್ ಯೆಲ್ಲೊ ರೋಡ್' ಹಾಕಿ, 1975ರದ್ದು. ಶೀರ್ಷಿಕೆಯ ರಚನೆಯನ್ನು ಇವರು ಮೊದಲು ನುಡಿಸಿದ್ದು 1960ರ ದಶಕ ಶುರುವಾಗುವ ಹೊತ್ತಿಗೆ, ಮರಿಯಾನೊ ಜೊತೆಗಿನ ನಾಲ್ಕು ಜನರ ತಂಡದಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ನಾಲ್ಕು ಜನ ನುಡಿಸಿದ ಅದೇ ರಚನೆ ಹದಿನಾರು ಜನಕ್ಕೆ ಹೇಗೆ ಬೆಳೆಯಿತು, ಯಾವ ಸ್ವರ ಯಾರ ಪಾಲಿಗೆ ಬಂತು ಅಂತ ಕಿವಿಗೇ ಗೊತ್ತಾಗುತ್ತದೆ. ಆಮೇಲೆ 'ಇನ್‌ಸೈಟ್ಸ್'. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಆ ಬೇಸ್ ಕ್ಲಾರಿನೆಟ್ ಕೇಳಿಸೋದೇ ಇಲ್ಲ.