20 ವರ್ಷ ಎರಡನೇ ಕೀಪರ್ ಆಗಿ ಕೂತದ್ದು ನಿಯತ್ತಾ, ಬೇರೆ ಎಂತದಾ?

ಕೊಟ್ಟಾರ_12: ನಿನ್ನೆ ರಾತ್ರಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್‌ನ ಗೋಲ್‌ಕೀಪರ್ ಸ್ಟೀವ್ ಹಾರ್ಪರ್ ಬಗ್ಗೆ ಓದ್ತಾ ಕೂತೆ, ಮತ್ತೆ ನಿದ್ದೆಯೇ ಬರ್ಲಿಲ್ಲ. 1993ರಲ್ಲಿ ಸೇರಿ 2013ರಲ್ಲಿ ಬಿಟ್ಟದ್ದು, 20 ವರ್ಷ ಮಾರ್ರೆ, ಆಡಿದ್ದು 200 ಮ್ಯಾಚ್ ಸಹ ತುಂಬಲಿಲ್ಲ, ಹೆಚ್ಚಿನ ವರ್ಷ ಗೋಲಲ್ಲಿ ಮೊದಲನೇ ಕೀಪರ್ ಶೇ ಗಿವನ್. ಕೇಳುದು ಯಾಕೆಂದ್ರೆ ನಾನೂ ನಮ್ಮ ಟೀಮಲ್ಲಿ ನಾಲ್ಕು ವರ್ಷದಿಂದ ಎರಡನೇ ಕೀಪರ್. ನೆಹರೂ ಮೈದಾನದಲ್ಲಿ ಮ್ಯಾಚ್ ಇದ್ರೆ ವಾರ್ಮ್‌ಅಪ್‌ಗೆ ಮೊದಲನೆಯವನಿಗೆ ಶಾಟ್ ಹೊಡೆದು ಕೊಡುದು, ಆಮೇಲೆ ಎಲ್ಲರ ಬೈಕ್ ಕೀ ಗ್ಲೌಸಿನೊಳಗೆ ಹಾಕಿ ಕೂತ್ಕೊಳ್ಳುದು. ಈಗ ಉಡುಪಿಯ ಒಂದು ಟೀಮಿನವರು ನೀ ಬಾ, ಮೊದಲನೇ ಕೀಪರ್ ನೀನೇ ಅಂತ ಕರೀತಾ ಇದ್ದಾರೆ. ಹೋಗುದಾ ಬೇಡ್ವಾ?

ಬಂದರು_ಬಾಯ್: ಕೀ ಯಾರ ಹತ್ರ ಕೊಟ್ಟು ಹೋಗ್ತೀರಿ, ಅದು ಮೊದಲು ಹೇಳಿ 😀

ಆಫ್‌ಸೈಡ್_ಅಣ್ಣ: ಹಾರ್ಪರ್ ಬರೀ ಬೆಂಚ್ ಅಲ್ಲ. 1999ರ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಕಪ್) ಫೈನಲಲ್ಲಿ ಮೊದಲಿಂದ ಗೋಲಲ್ಲಿ ನಿಂತದ್ದು ಅವನೇ, ಗಿವನ್ ಹೊರಗೆ. ಮ್ಯಾಂಚೆಸ್ಟರ್ ಯುನೈಟೆಡ್ ಎದುರು 2-0 ಸೋತದ್ದು ಬೇರೆ ಮಾತು. 2009ರಲ್ಲಿ ಗಿವನ್ ಮ್ಯಾಂಚೆಸ್ಟರ್ ಸಿಟಿಗೆ ಹೋದ, ನ್ಯೂಕ್ಯಾಸಲ್ ಕೆಳಗಿನ ಲೀಗಿಗೆ ಬಿತ್ತು, ಮರುವರ್ಷ ಆ ಲೀಗು (ಚಾಂಪಿಯನ್‌ಶಿಪ್) ಗೆದ್ದು ಮೇಲೆ ಬರುವಾಗ ಗೋಲಲ್ಲಿ ಇದ್ದದ್ದು ಇದೇ ಹಾರ್ಪರ್, 35 ವಯಸ್ಸಲ್ಲಿ. ಮತ್ತೆ ನಿಯತ್ತು ನಿಯತ್ತು ಅಂತ ಆರತಿ ಎತ್ತುದು ಸಹ ಬೇಡ, 2016ರಲ್ಲಿ ಸಂಡರ್‌ಲ್ಯಾಂಡ್‌ಗೆ ಸೈನ್ ಮಾಡಿದ್ದಾನೆ! ನ್ಯೂಕ್ಯಾಸಲ್‌ನವರಿಗೆ ಅದಕ್ಕಿಂತ ದೊಡ್ಡ ವೈರಿ ಇಲ್ಲ. ಅಲ್ಲೂ ಒಂದು ಮ್ಯಾಚ್ ಸಿಗ್ಲಿಲ್ಲ ಪಾಪ. ಕೊನೆಗೆ ವಾಪಸ್ ನ್ಯೂಕ್ಯಾಸಲ್ ಅಕಾಡೆಮಿಗೇ ಬಂದ.

ಹಳೇ_ಕೀಪರ್_ಉಳ್ಳಾಲ: ಫಾರ್ವರ್ಡ್ ಆದ್ರೆ ಕೊನೆಯ 20 ನಿಮಿಷ ಆದ್ರೂ ಸಿಗ್ತದೆ, ನಮಗೆ ಹಾಗಲ್ಲ, ಮೊದಲನೆಯವನಿಗೆ ಪೆಟ್ಟಾಗ್ಬೇಕು ಇಲ್ಲ ರೆಡ್ ಕಾರ್ಡ್ ಬೀಳ್ಬೇಕು. ಒಮ್ಮೆ ಜುಲೈ ಮಳೆಯಲ್ಲಿ ನಮ್ಮವನ ಹೆಗಲು ಜಾರಿತು, ನನಗೆ ಮೊದಲು ಆದದ್ದು ಖುಷಿಯೇ, ಸುಳ್ಳು ಎಂತಕ್ಕೆ ಹೇಳುದು. ಒಳಗೆ ಹೋಗಿ ಮೂರು ನಿಮಿಷ ಆಗ್ಲಿಲ್ಲ, ಉದ್ದ ಬಾಲ್ ಬಂತು, ನನ್ನ ಕೈಗೇ ಬರ್ತದೆ ಅಂತ ನಾನು ಲೈನಲ್ಲೇ ನಿಂತೆ, ಅದು ಕೆಸರು ನೀರಲ್ಲಿ ಪಚಕ್ ಅಂತ ಅಲ್ಲೇ ಕೂತಿತು, ಅವರ ಹುಡುಗ ಓಡಿ ಬಂದು ತಟ್ಟಿ ಬಿಟ್ಟ. ಪ್ರಾಕ್ಟೀಸಲ್ಲಿ ಹಿಡಿಯುದು ಎಷ್ಟು ಬೇಕಾದ್ರೂ ಕಲೀಬಹುದು, ಯಾವಾಗ ಮುಂದೆ ಓಡ್ಬೇಕು ಅಂತ ಮ್ಯಾಚಲ್ಲಿ ಮಾತ್ರ ಗೊತ್ತಾಗುದು. ಹೋಗಿ ಮಾರ್ರೆ.

ಪಣಂಬೂರು_ಪಂಚ್: ಸ್ಕಾಟ್ ಕಾರ್ಸನ್ ನೋಡಿ, ಅವನೂ ಇಂಗ್ಲೆಂಡಿನ ಕೀಪರ್, 2005ರಲ್ಲಿ ಲಿವರ್‌ಪೂಲ್ ಬೆಂಚು, 2023ರಲ್ಲಿ ಸಿಟಿ ಬೆಂಚು, ಎರಡೂ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್) ಫೈನಲ್, ಎರಡೂ ಇಸ್ತಾಂಬುಲ್‌ನ ಅದೇ ಸ್ಟೇಡಿಯಮ್, ಎರಡೂ ಗೆದ್ದರು, ಇವ ಒಂದ್ಸಲವೂ ಒಳಗೆ ಕಾಲಿಡ್ಲಿಲ್ಲ. ಆದ್ರೆ ಅವನಿಗೆ ಸಂಬಳ ಇತ್ತು. ನಿಮಗೆ ಮ್ಯಾಚ್ ಮುಗಿದ ಮೇಲೆ ಎರಡು ಗೋಳಿಬಜೆ.

ಕೊಟ್ಟಾರ_12: ಗೋಳಿಬಜೆ ಸಹ ಕೆಲವು ಸಲ ಇಲ್ಲ. ಬರುವ ಭಾನುವಾರ ಅಜ್ಜರಕಾಡಿಗೆ ಹೋಗಿ ಅವರ ಪ್ರಾಕ್ಟೀಸ್ ನೋಡಿ ಬರ್ತೇನೆ, ಕ್ಯಾಪ್ಟನ್‌ಗೆ ಇನ್ನೂ ಹೇಳ್ಲಿಲ್ಲ, ಬಾಯೇ ಬರುದಿಲ್ಲ. ಗ್ಲೌಸ್ ಟೀಮಿನದ್ದು, ಬಿಟ್ಟು ಹೋಗ್ಬೇಕು. ಹಂಪನಕಟ್ಟೆ ಕಡೆ ಒಳ್ಳೇ ಜೋಡಿ ಕಮ್ಮಿಗೆ ಎಲ್ಲಿ ಸಿಗ್ತದೆ?